ಮುಂಜಾನೆ ಐದೂವರೆಗೆ ಹುಟ್ಟಿದ ಓಣಿ

ರಾಮಸಮುದ್ರದ ಹಿಟ್ಟಿನ ಗಿರಣಿ ಸಂಗಣ್ಣ ಇನ್ನು ಮುಂದೆ ಸುಳ್ಳು ಹೇಳುವುದಿಲ್ಲವೆಂದು ವ್ರತ ಹಿಡಿದದ್ದರಿಂದ ಅವನ ಓಣಿಗೆ ಬಂದ ತಾಪತ್ರಯವನ್ನು ಹೇಳುತ್ತೇನೆ. ಶಿವನ ಕಣ್ಣು ಎಲ್ಲರ ಮೇಲೂ ಇರುತ್ತದೆ, ನಿಜ. ಆದರೆ ಒಮ್ಮೊಮ್ಮೆ ಅವನು ಬೇಕೆಂದೇ ತುಸು ಆಚೆ ನೋಡುತ್ತಾನೆ, ಮನುಷ್ಯ ತಾನಾಗಿ ಎಷ್ಟು ದೂರ ಹೋಗುತ್ತಾನೋ ನೋಡೋಣ ಎಂದು. ಇದು ಅವನು ಹಾಗೆ ಆಚೆ ನೋಡಿದ ಮೂರು ವಾರಗಳ ಕಥೆ.

ಶ್ರಾವಣದಲ್ಲಿ ಮಠದಲ್ಲಿ ಪುರಾಣ ನಡೆದಿತ್ತು. ಕಡೆಯ ದಿನ ಅಯ್ಯನವರು, "ವರ್ಷೊಪ್ಪತ್ತು ಒಬ್ಬರಾದ್ರೂ ಖರೇ ನುಡೀರಪ್ಪಾ, ನೋಡೂಣು," ಎಂದರು. ಅವರು ಹೇಳಿದ್ದು ಮಾತಿನ ಓಘದಲ್ಲಿ. ಯಾರಾದರೂ ಮನಸ್ಸಿಗೆ ಹಚ್ಚಿಕೊಂಡಾರೆಂದು ಅವರಿಗೂ ಅನಿಸಿರಲಿಲ್ಲ. ಸಂಗಣ್ಣ ಎದ್ದು ನಿಂತು, "ನಾ ನುಡೀತೀನ್ರಿ ಅಪ್ಪಾವ್ರ," ಎಂದ. ಸಭೆ ಚಪ್ಪಾಳೆ ತಟ್ಟಿತು. ಅವನ ಹೆಂಡತಿ ಬಾಲಮ್ಮ ಹೆಂಗಸರ ಸಾಲಿನಲ್ಲಿ ಸೆರಗು ಮುಖಕ್ಕೆ ಹಿಡಿದು ಕುಳಿತಳು.

ಮರುವಾರ ಊರಿಗೆ ಒಂದು ಸಂಸ್ಥೆಯವರು ಬಂದರು. ಶಹಾಪುರದಲ್ಲಿ ಕಣ್ಣಿನ ಶಿಬಿರ ಮಾಡುತ್ತಾರಂತೆ. ಎಲ್ಲರಿಗೂ ತಪಾಸಣೆ, ಬೇಕಾದವರಿಗೆ ಚಶ್ಮಾ, ಅರವತ್ತು ದಾಟಿದವರಿಗೆ ಪೊರೆಯ ಆಪರೇಷನ್ ಪುಕ್ಕಟೆ. ಸಂಗಣ್ಣನಿಗೆ ದೇವರೇ ಬಾಗಿಲಿಗೆ ಬಂದಂತಾಯಿತು. ಅವನ ತಾಯಿ ಸೂಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಆರು ವರ್ಷವಾಗಿತ್ತು. ಆಕೆ ಜೋಳವನ್ನು ಬೆರಳಿನಿಂದಲೂ ಮನುಷ್ಯರನ್ನು ಹೆಜ್ಜೆಯ ಸದ್ದಿನಿಂದಲೂ ಗುರುತಿಸುತ್ತಿದ್ದಳು. ಪೂಜೆಗೆ ಕುಳಿತಾಗ ಅಂಗೈಯ ಲಿಂಗವನ್ನು ಕಣ್ಣಿನ ತೀರ ಹತ್ತಿರ ತಂದು, ಅಲ್ಲೂ ಕಾಣದೆ, ಎದೆಗೆ ಒತ್ತಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಸಂಗಣ್ಣ ಗಿರಣಿಗೆ ಹೋಗಿ ಸುಮ್ಮನೆ ಬೆಲ್ಟು ಬಿಗಿ ಮಾಡುತ್ತಿದ್ದ.

ಅಕ್ಷರ ಚೆನ್ನಾಗಿದ್ದುದರಿಂದ ಓಣಿಯ ಹನ್ನೊಂದು ಜನರ ಫಾರಂ ತುಂಬುವ ಕೆಲಸ ಅವನ ಪಾಲಿಗೇ ಬಂತು. ಹೆಸರು, ತಂದೆಯ ಹೆಸರು, ಊರು, ಎಲ್ಲ ಸರಾಗವಾಗಿ ನಡೆಯಿತು. 'ಹುಟ್ಟಿದ ದಿನಾಂಕ' ಎಂಬಲ್ಲಿ ಪೆನ್ನು ನಿಂತಿತು.

ನಮ್ಮ ಕಡೆ ಹಳೆಯ ಜನರ ಹುಟ್ಟಿದ ದಿನಾಂಕ ಹೇಗೆ ಹುಟ್ಟಿತು ಎಂಬುದನ್ನು ಇಲ್ಲಿ ಹೇಳಬೇಕು. ಮಗುವನ್ನು ಶಾಲೆಗೆ ಕರೆತಂದರೆ ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಮುಟ್ಟಿದವರೆಲ್ಲ ಜೂನ್ ಒಂದರಂದು ಹುಟ್ಟಿದ್ದಾರೆಂದು ದಾಖಲಾಗುತ್ತಿತ್ತು. ಹೀಗಾಗಿ ಅರ್ಧ ಜಿಲ್ಲೆ ಒಂದೇ ದಿನ ಹುಟ್ಟಿದೆ. ಯಾರೂ ಇದರಿಂದ ಕೆಟ್ಟಿಲ್ಲ.

"ಜೂನ್ ಒಂದು ಅಂತ ಬರೀರಿ. ಎಲ್ಲಾರದೂ ಅದ ಅದ," ಎಂದಳು ಬಾಲಮ್ಮ.

"ಅದು ಮಾಸ್ತರ್ ಬರದ ಸುಳ್ಳು. ನಾ ಬರದ್ರ ನನ್ನ ಸುಳ್ಳಾಗ್ತದ."

"ಮತ್ತ ಏನ್ ಬರೀತೀರಿ?"

"ಖಾಲಿ ಬಿಡ್ತೀನಿ. ಖಾಲಿ ಜಾಗಾ ಸುಳ್ಳು ಹೇಳಂಗಿಲ್ಲ."

ಮೂಲೆಯಲ್ಲಿ ಕುಳಿತಿದ್ದ ಸೂಗಮ್ಮ ತಲೆ ಎತ್ತಿದಳು. "ಸಂಗ್ಯಾ, ನೀ ಹುಟ್ಟಿದ ದಿವಸ..."

"ನೀ ಸುಮ್ನ ಕುಂಡ್ರವ್ವಾ. ಸಾಲಿ ಮೆಟ್ಟಿಲಾ ಹತ್ತಿಲ್ಲ, ತಾರೀಖು ನಿನಗ ಹ್ಯಾಂಗ ಗೊತ್ತಿರ್ತದ?"

ಸಂಗಣ್ಣ ಹುಟ್ಟುವ ಹೊತ್ತಿಗೆ ಆ ಜಾಗದಲ್ಲಿ ಖಂಡಿತವಾಗಿ ಹಾಜರಿದ್ದ ಜೀವ ಅದೊಂದೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಪಕ್ಕದ ಮನೆಯ ಮಲ್ಲೇಶ್ವರಿಗೆ ಇಪ್ಪತ್ತೊಂದು. ಯಾದಗಿರಿಯ ದವಾಖಾನೆಯಲ್ಲಿ ಹುಟ್ಟಿದವಳು, ಕಾಗದ ಇತ್ತು. "ಕಾಕಾ, ನಂದರ ಬರೀರಿ," ಎಂದಳು. "ಒಬ್ಬರದು ಬರದು ಒಬ್ಬರದು ಬಿಟ್ರ ಪಂಕ್ತಿಭೇದ ಆಗ್ತದವ್ವಾ," ಎಂದು ಸಂಗಣ್ಣ ಅವಳದನ್ನೂ ಖಾಲಿ ಬಿಟ್ಟ.

ಹನ್ನೆರಡು ದಿನಕ್ಕೆ ಕಾರ್ಡುಗಳ ಕಟ್ಟು ಗಿರಣಿಗೆ ಬಂತು. ತಂದವನು ಮೊದಲ ಕಾರ್ಡನ್ನು ಸಂಗಣ್ಣನ ಕೈಗಿಟ್ಟ. ಅದು ಅವನದೇ. ಓದಿದ ಸಂಗಣ್ಣ ಗಿರಣಿ ನಿಲ್ಲಿಸಿದ. ಸಾಲಿನಲ್ಲಿದ್ದವರು ಕರೆಂಟು ಹೋಯಿತೆಂದು ಬುಟ್ಟಿ ಎತ್ತಿಕೊಂಡು ಹೊರಟರು.

ಕಾರ್ಡಿನಲ್ಲಿ ಹೀಗಿತ್ತು: ಹುಟ್ಟಿದ ದಿನಾಂಕ 01-01-1970, 05:30:00.

ಜೊತೆಗೆ ಒಂದು ಕಾಗದ. 'ಹನ್ನೊಂದು ಕಾರ್ಡುಗಳ ದಿನಾಂಕ ಪರಿಶೀಲಿಸಿದ್ದೇನೆ, ಸತ್ಯವಾಗಿವೆ' ಎಂದು ಫಾರಂ ತುಂಬಿದವರು ರುಜು ಹಾಕಬೇಕಿತ್ತು. ಸಂಗಣ್ಣ ಉಳಿದ ಹತ್ತನ್ನು ನೋಡದೆಯೇ, ಸಂತೋಷದ ಭರದಲ್ಲಿ, ರುಜು ಹಾಕಿ ಕೊಟ್ಟುಬಿಟ್ಟ. ಆಮೇಲೆ ನೆಟ್ಟಗೆ ಖಾಜಾಹುಸೇನನ ಚಹಾದ ಹೋಟೆಲಿಗೆ ಓಡಿದ. ಇಬ್ಬರೂ ಒಂದೇ ವರ್ಷ ಕಿವಿ ಮುಟ್ಟಿ ಶಾಲೆಗೆ ಸೇರಿದವರು.

"ಖಾಜಾ, ನೋಡು. ಸೆಕೆಂಡು ಸುದ್ದಾ ಬರದಾರ."

ಖಾಜಾಹುಸೇನ ಕಾರ್ಡನ್ನು ಬೆಳಕಿಗೆ ಹಿಡಿದ. "ಇವರಿಗ್ಯಾರು ಹೇಳಿದ್ರು?"

"ಯಾರು ಹೇಳಬೇಕು? ಕಂಪ್ಯೂಟರ್‌ಕ ಎಲ್ಲಾ ಗೊತ್ತಿರ್ತದ. ನಾ ಖಾಲಿ ಬಿಟ್ಟೆ, ಅದು ಹುಡುಕಿ ತುಂಬ್ಯದ. ಖರೇ ನುಡದವಗ ಶಿವಾ ಕೊಟ್ಟ ಫಲ ಇದು."

"ಜನವರಿ ಒಂದಕ್ಕ ಪೂರಾ ದುನಿಯಾ ಪಟಾಕಿ ಹಾರಸ್ತದ. ನಿನ್ನ ಸಲುವಾಗೇನು?"

"ನನಗೂ ಇವತ್ತ ತಿಳೀತು ನೋಡು," ಎಂದ ಸಂಗಣ್ಣ, ನಗದೆ.

ಸಂಜೆ ಅಯ್ಯನವರ ಮುಂದೆ ಕಾರ್ಡು ಇಟ್ಟ. ಅಯ್ಯನವರು ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ಇಷ್ಟು ಪಕ್ಕಾ ಟೈಮು ನನ್ನ ಜನ್ಮದಾಗ ಒಬ್ಬರೂ ತಂದಿಲ್ಲಪ್ಪಾ. ಎಲ್ಲಾರೂ 'ದನ ಮನಿಗಿ ಬರೂ ಹೊತ್ತಿಗಿ ಹುಟ್ಟ್ಯಾನ್ರಿ' ಅಂತಾರ. ದನ ಬರೂ ಹೊತ್ತು ದನಕ್ಕ ಗೊತ್ತು. ಐದೂವರೆ ಅಂದ್ರ ಬ್ರಾಹ್ಮೀ ಮುಹೂರ್ತದ ಅಂಚು. ಇದು ಸಾಮಾನ್ಯ ಹುಟ್ಟಲ್ಲ."

ಕುಂಡಲಿ ಬರೆದರು. ಮುಖಂಡತ್ವದ ಯೋಗ. ಯಂತ್ರದಿಂದ ಜೀವನ. ಎರಡು ಗಂಡು ಸಂತಾನ. ಹೆಂಡತಿಯಿಂದ ಜರಾ ತ್ರಾಸ. ಒಂದೊಂದೂ ನಿಜವಾಗಿತ್ತು. ಅಯ್ಯನವರು ಮೂವತ್ತು ವರ್ಷದಿಂದ ಸಂಗಣ್ಣನ ಗಿರಣಿಯಲ್ಲೇ ಜೋಳ ಬೀಸಿಸುತ್ತಿದ್ದರು ಎಂಬುದನ್ನು ಇಲ್ಲಿ ಎತ್ತುವುದು ಸರಿಯಲ್ಲ.

ಮರುದಿನ ಸಂಗಣ್ಣ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಉಳಿದವರ ಕಾರ್ಡು ಹಂಚಲು ಕಟ್ಟೆಯ ಮೇಲೆ ಕುಳಿತ. ಮೊದಲು ಬಾಲಮ್ಮನದು. ಓದಿದ. ಮತ್ತೊಮ್ಮೆ ಓದಿದ.

"ನಿಂದೂ ಅದ ದಿವಸ. ಅದ ಐದೂವರೆ."

"ಅಂದ್ರ ನಾವಿಬ್ಬರೂ ಒಂದ ಗಳಿಗ್ಯಾಗ ಹುಟ್ಟೀವೇನು?"

"ಹಿಂದಿನ ಜನ್ಮದ ಋಣಾನುಬಂಧ. ಇದರಾಗ ಚಕಿತ ಆಗೂದೇನದ?"

"ಹಂಗಾದ್ರ ಅಪ್ಪಾವ್ರು ಬರದ ಕುಂಡಲಿ ನನಗೂ ಹತ್ತತದ," ಎಂದಳು ಬಾಲಮ್ಮ. "ನನಗ ಹೆಂಡತಿಯಿಂದ ತ್ರಾಸೇನು?"

ಅಷ್ಟರಲ್ಲಿ ಎದುರು ಮನೆಯ ಮುದುಕ ರಂಗಣ್ಣ ತನ್ನ ಕಾರ್ಡು ತಿರುಗಿಸಿ ತೋರಿಸಿದ. ಜನವರಿ ಒಂದು, ಐದೂವರೆ. ಅವನ ಮಗನದೂ ಅದೇ, ಸೊಸೆಯದೂ ಅದೇ. ಹೋಟೆಲು ಬಿಟ್ಟು ಬಂದಿದ್ದ ಖಾಜಾಹುಸೇನ ಬೆರಳು ಮಡಚಿ ಎಣಿಸಿದ.

"ಒಂದ ಓಣಿ, ಒಂದ ಮುಂಜಾನಿ, ಇಷ್ಟು ಮಂದಿ. ಅವತ್ತ ಸೂಲಗಿತ್ತಿ ಎಷ್ಟು ಓಡಿರಬೇಕು ಪಾಪ."

"ಪುಣ್ಯದ ಓಣಿ ಅನ್ನೂದು ಇದಕ್ಕ," ಎಂದ ಸಂಗಣ್ಣ. ಅವನ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಅಯ್ಯನವರ ಮಠದ ಮುಂದೆ ಕುಂಡಲಿಗಾಗಿ ಜನ ಸೇರಿದರು. ಅಯ್ಯನವರು ಎರಡನೆಯದನ್ನು ಬರೆದರು, ಮೂರನೆಯದನ್ನು ಅರ್ಧ ಬರೆದರು, ಅಲ್ಲಿಗೆ ಸಾಕಾಗಿ, "ಎಲ್ಲಾ ಅದ ಅದನಪ್ಪಾ. ಸಂಗಣ್ಣಂದು ಝೆರಾಕ್ಸ್ ಮಾಡಸ್ಕೋರಿ," ಎಂದು ಒಳಗೆ ಹೋದರು.

ಮಧ್ಯಾಹ್ನ ಮಲ್ಲೇಶ್ವರಿ ಬಂದಳು. ಮುಖದಲ್ಲಿ ಸಿಟ್ಟೋ ನಗುವೋ ತಿಳಿಯುತ್ತಿರಲಿಲ್ಲ.

"ಕಾಕಾ, ನನ್ನ ನೋಡಾಕ ಕೆಂಭಾವಿಯವರು ಬಂದಿದ್ರು. ಕಾರ್ಡು ಗೂಡಿನಾಗಿತ್ತು. ಹುಡುಗನ ತಾಯಿ ತಗೊಂಡು ಓದಿದ್ಲು."

"ಏನಂದ್ಲು?"

"'ಹುಡುಗಿ ನನಗಿಂತ ಎಂಟು ವರ್ಷಕ್ಕ ದೊಡ್ಡಾಕಿ ಅದಾಳ' ಅಂದ್ಲು. ಅವಲಕ್ಕಿ ಅರ್ಧಾ ಬಿಟ್ಟು ಎದ್ದು ಹೋದ್ರು. ನಮ್ಮಪ್ಪ ನಿಮ್ಮನ್ನ ಹುಡುಕಾಕತ್ಯಾನ."

ಮಲ್ಲೇಶ್ವರಿಯ ಅಪ್ಪ ಬರುವ ಮೊದಲೇ ಸಂಗಣ್ಣ ಮನೆಯೊಳಗೆ ಸೇರಿ ಅಗಳಿ ಹಾಕಿಕೊಂಡ. ಖಾಜಾಹುಸೇನ ಹಿತ್ತಲ ಬಾಗಿಲಿನಿಂದ ಬಂದ. ಕಟ್ಟಿನಲ್ಲಿ ಒಂದೇ ಕಾರ್ಡು ಉಳಿದಿತ್ತು, ಸೂಗಮ್ಮನದು. ಸಂಗಣ್ಣ ಅದನ್ನು ಬೇಕೆಂದೇ ಕಡೆಗೆ ಇಟ್ಟಿದ್ದ. ಈಗ ತೆರೆದ.

ಜನವರಿ ಒಂದು, ಸಾವಿರದ ಒಂಬೈನೂರ ಎಪ್ಪತ್ತು, ಐದೂವರೆ.

"ತಾಯಿ ಮಗಾ ಇಬ್ಬರೂ ಒಂದ ಸೆಕೆಂಡಿಗೇನು?" ಖಾಜಾಹುಸೇನ ಕೇಳಿದ. "ಹಂಗಾದ್ರ ನೀ ಹೊಟ್ಟ್ಯಾಗಿದ್ದಾಗ ಆಕಿ ಎಲ್ಲಿದ್ಲೋ ಮಾರಾಯಾ?"

ಸಂಗಣ್ಣ ಕೇಳಿಸಿಕೊಳ್ಳಲಿಲ್ಲ. ಅವನು ಕೆಳಗಿನ ಸಾಲು ಓದುತ್ತಿದ್ದ. 'ವಯಸ್ಸು 55. ಆಪರೇಷನ್ನಿಗೆ ಅರ್ಹರಲ್ಲ.'

"ಏನಂತೋ ಕಾರ್ಡಿನಾಗ?" ಸೂಗಮ್ಮ ಕೇಳಿದಳು.

ವ್ರತ ಹಿಡಿದವನು ಏನು ಹೇಳಬೇಕು? "ನಿನ್ನ ವಯಸ್ಸು ನನ್ನಷ್ಟ ಅಂತವ್ವಾ."

"ಹೌದೇನು. ಹಂಗಾದ್ರ ಇನ್ಮ್ಯಾಲ ಹೆಸರು ಹಿಡದು ಕರಿ." ಆಕೆ ಸ್ವಲ್ಪ ನಕ್ಕಳು. ಆಮೇಲೆ ಮೆಲ್ಲಗೆ, "ಕಣ್ಣು ಮಾಡಂಗಿಲ್ಲೇನು ಮತ್ತ?" ಎಂದಳು.

ಖಾಜಾಹುಸೇನ ಗೋಡೆಯ ಕಡೆ ತಿರುಗಿ ನಿಂತ. ಶಿಬಿರಕ್ಕೆ ಮೂರು ದಿನ ಉಳಿದಿತ್ತು.

ಶಿಬಿರದ ದಿನ ಎರಡು ಟಂಟಂ ಗಾಡಿಗಳಲ್ಲಿ ಇಡೀ ಓಣಿ ಶಹಾಪುರಕ್ಕೆ ಹೊರಟಿತು. ಕಣ್ಣು ಚೆನ್ನಾಗಿರುವವರೂ ಹೊರಟರು, ಸಂಗಣ್ಣನಿಗೆ ಅಲ್ಲಿ ಏನಾಗುತ್ತದೆಂದು ಕಣ್ಣಾರೆ ನೋಡಬೇಕಲ್ಲ. ಅಯ್ಯನವರು ಮುಂದಿನ ಸೀಟಿನಲ್ಲಿ ಕುಳಿತರು. ಶಾಲೆಯ ವರಾಂಡದಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಅದರ ಹಿಂದೆ ಪವಿತ್ರಾ ಎಂಬ ಹುಡುಗಿ. ಸುರಪುರದವಳು, ಪಟ್ಟಿ ನೋಡಿಕೊಳ್ಳುವ ಕೆಲಸ ಅವಳದು. ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತದೆಂದು ಗೋಡೆಗೆ ಬರೆದಿತ್ತು. ಗಡಿಯಾರದಲ್ಲಿ ಹನ್ನೊಂದೂಕಾಲು.

ಪವಿತ್ರಾ ಹನ್ನೊಂದು ಕಾರ್ಡನ್ನೂ ಇಸ್ಪೀಟಿನಂತೆ ಹರಡಿ ನೋಡಿದಳು. ನಗು ಬಾರದಂತೆ ತುಟಿ ಬಿಗಿ ಹಿಡಿದಳು.

"ಇವೆಲ್ಲಾ ಸೊನ್ನಿ ಅವ ಕಾಕಾ."

"ಸೊನ್ನಿ ಎಲ್ಲೈತ್ರಿ ಬಾಯಾರ? ಸೆಕೆಂಡು ಸುದ್ದಾ ಬರದದ," ಎಂದ ಸಂಗಣ್ಣ.

"ಕಂಪ್ಯೂಟರ್‌ಕ ತಾರೀಖು, ತಿಂಗಳು, ಅಮಾಸಿ ಏನೂ ತಿಳಿಯಂಗಿಲ್ಲ. ಬರೀ ಸೆಕೆಂಡು ಎಣಿಸಾಕ ಬರ್ತದ. ಎಪ್ಪತ್ತನೇ ಇಸ್ವಿ ಜನವರಿ ಒಂದರಿಂದ ಒಂದ ಸವನ ಎಣಿಸಾಕತ್ಯದ. ಆ ಎಣಿಕಿನ ನಾವು ತಿರುವಿ ಮನಶ್ಯಾರ ತಾರೀಖು ಮಾಡಿ ಓದ್ತೀವಿ. ನೀವು ಖಾಲಿ ಬಿಟ್ರಿ. ಖಾಲಿ ಜಾಗಾನ ಅದು ಸೊನ್ನಿ ಅಂತ ತಿಳೀತು. ಸೊನ್ನಿ ತಿರುವಿದ್ರ ಎಣಿಕಿ ಶುರುವಾದ ಗಳಿಗಿನ ಬರ್ತದ."

"ಮತ್ತ ಐದೂವರೆ? ಅದರ ಖರೇ ಇರಬೇಕಲ್ರಿ. ಸುಮ್ಮನ ಯಾರಾದ್ರೂ ಐದೂವರೆ ಅಂತಾರೇನು?"

"ಅದು ಲಂಡನ್ ಕಡೀ ನಡುರಾತ್ರಿ ಹನ್ನೆರಡು. ಅಲ್ಲಿ ಹನ್ನೆರಡಾದ್ರ ಇಲ್ಲಿ ಮುಂಜಾನಿ ಐದೂವರೆ."

ಎಲ್ಲರೂ ಅಯ್ಯನವರ ಕಡೆ ನೋಡಿದರು. ಅಯ್ಯನವರು ಕೆಮ್ಮಿದರು. "ಪರದೇಶದ ಮುಹೂರ್ತ ನಮ್ಮ ಪಂಚಾಂಗದಾಗ ಬರಂಗಿಲ್ಲ," ಎಂದು ಶಲ್ಯ ಸರಿಪಡಿಸಿಕೊಂಡರು.

"ಅಂದ್ರ ನಾನು ಸೊನ್ನಿ," ಎಂದ ಸಂಗಣ್ಣ.

"ಹೌದ್ರಿ ಕಾಕಾ."

"ಐವತ್ತು ವರ್ಷದ ದೋಸ್ತಿ," ಎಂದ ಖಾಜಾಹುಸೇನ, "ನಾನೂ ಇಷ್ಟು ಬಿಚ್ಚಿ ಹೇಳಿದ್ದಿಲ್ಲ."

ಸಂಗಣ್ಣ ಕಾರ್ಡನ್ನು ಮಡಚಿದ. ಇಡೀ ಬಾಳಿನಲ್ಲಿ ನಾಲ್ಕು ದಿನವಷ್ಟೇ ಅವನಿಗೊಂದು ಹುಟ್ಟುಹಬ್ಬ ಇತ್ತು. ಆದರೆ ಪಕ್ಕದಲ್ಲಿ ತಾಯಿ ಅವನ ತೋಳು ಹಿಡಿದು ನಿಂತಿದ್ದಳು. "ನಂದು ಇರ್ಲಿ ಬಿಡ್ರಿ. ನಮ್ಮವ್ವನ ವಯಸ್ಸು ತಿದ್ದಿ ಕೊಡ್ರಿ," ಎಂದ.

ಪವಿತ್ರಾ ಒಂದು ಕಾಗದ ತೆಗೆದಳು. "ನೀವ ರುಜು ಹಾಕೀರಲ್ಲ, ಎಲ್ಲಾ ಸತ್ಯ ಅಂತ. ಈಗ 'ನಾನು ಮೊದಲು ಬರೆದುಕೊಟ್ಟದ್ದು ಸುಳ್ಳು' ಅಂತ ಬರದು ಕೊಡಬೇಕು. ಇಲ್ಲಾಂದ್ರ ಡಾಕ್ಟರು ಒಪ್ಪಂಗಿಲ್ಲ."

ಸಂಗಣ್ಣ ಅಯ್ಯನವರ ಕಡೆ ತಿರುಗಿದ. "ಅಪ್ಪಾವ್ರ, ವ್ರತ ಮುರೀತದಲ್ರಿ?"

ಅಯ್ಯನವರು ಕಣ್ಣು ಮುಚ್ಚಿದರು. ಕುಂಡಲಿಯ ವಿಷಯದಲ್ಲಿ ಅವರು ಏನೇ ಆಗಿರಲಿ, ಈ ಮಾತನ್ನು ಅವರು ಶಾಂತವಾಗಿ, ಯೋಚಿಸಿ ಆಡಿದರು. "ನಾ ಸುಳ್ಳು ಬರದೀನಿ ಅಂತ ಬರಿಯೂದು ಖರೇ ನುಡಿಯೂದಪ್ಪಾ. ನೀ ವ್ರತ ಹಿಡದ ಮ್ಯಾಲ ಇದ ಮದಲನೇದು. ಬರಿ."

ಬರೆದ. ಅಷ್ಟು ಚಂದದ ಅಕ್ಷರ ಅಂದು ಕಾಗೆ ಕಾಲಿನಂತೆ ಬಂತು. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

"ಹೇಳ್ರಿ, ತಾಯಿ ಹುಟ್ಟಿದ ತಾರೀಖು?"

ಸಂಗಣ್ಣ ಬಾಲಮ್ಮನನ್ನು ನೋಡಿದ, ಅಯ್ಯನವರನ್ನು ನೋಡಿದ, ಖಾಜಾಹುಸೇನನನ್ನು ನೋಡಿದ. ಕಡೆಗೆ, ಬೇರೆ ಯಾರೂ ಉಳಿಯದೆ, ತಾಯಿಯ ಕಡೆ ತಿರುಗಿದ.

"ಅವ್ವಾ, ನೀ ಯಾವಾಗ ಹುಟ್ಟಿದಿ?"

"ನಿಜಾಮ ಸೋತು ಕೈ ಎತ್ತಿದ್ನಲ್ಲ, ಆ ಶುಕ್ರವಾರ ಆಗಿ ಮೂರನೇ ದಿವಸ," ಎಂದಳು ಸೂಗಮ್ಮ, ಯಾರೋ ಮನೆಯ ವಿಳಾಸ ಕೇಳಿದಷ್ಟು ಸರಾಗವಾಗಿ. "ರಜಾಕಾರರ ಗದ್ದಲದಾಗ ನಮ್ಮವ್ವ ತುಂಬಿದ ಬಸುರಿ ಹೊಳಿ ದಾಟಿ ಹೋಗಿದ್ಲಂತ. ನಿಜಾಮ ಸೋತ ಅಂತ ಸುದ್ದಿ ಬಂದ ಮ್ಯಾಲ ಊರಿಗಿ ತಿರುಗಿ ಬಂದು ಸೋಮವಾರ ನನ್ನ ಹಡದ್ಲು. ಮುಂದಿನ ವಾರ ಸಾಲ್ಯಾಗ ಝೇಂಡಾ ಹಾರಸ್ತಾರಲ್ಲ, ಅದು ಆ ಶುಕ್ರವಾರದ್ದ."

ಪವಿತ್ರಾ ಆಗಲೇ ಬೆರಳು ಆಡಿಸುತ್ತಿದ್ದಳು. "ನಲವತ್ತೆಂಟನೇ ಇಸ್ವಿ. ಸಪ್ಟೆಂಬರ್ ಹದಿನೇಳು, ಶುಕ್ರವಾರ, ಬರೋಬ್ಬರಿ ಅದ. ಇಪ್ಪತ್ತು ಅಂದ್ರ ಸೋಮವಾರ. ಕಂಪ್ಯೂಟರೂ ಸೋಮವಾರ ಅಂತದ ನೋಡಮ್ಮಾ. ನಿನಗ ಎಪ್ಪತ್ತಾರು."

ಪರದೆಯ ಮೇಲೆ ಒಂದು ಉದ್ದ ಸಂಖ್ಯೆ ಮೂಡಿತು. ಸಂಗಣ್ಣ ಬಗ್ಗಿ ಓದಿದ. "ಅರವತ್ತೇಳು ಕೋಟಿ ಚಿಲ್ಲರ. ಮುಂದೊಂದು ಕಳಿಯೂ ಗೆರಿ ಯಾಕದ?"

"ಎಣಿಕಿ ಶುರುವಾಗೂಕಿಂತ ಅಷ್ಟು ಸೆಕೆಂಡು ಮದಲ ಹುಟ್ಟ್ಯಾರ. ಅದಕ್ಕ ಮೈನಸ್."

"ಕಂಪ್ಯೂಟರ್ ನನಗಿಂತ ಸಣ್ಣದು ಅನ್ನು," ಎಂದಳು ಸೂಗಮ್ಮ. ಪವಿತ್ರಾ ಎದ್ದು ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಏಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ಸಂಗಣ್ಣ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, "ಅವ್ವಾ, ಮತ್ತ ನಾನು?" ಎಂದ. ಎಲ್ಲರಿಗೂ ಕೇಳಿಸಿತು.

"ಇಷ್ಟು ವರ್ಷ ಕೇಳಿದ್ದೇನು ನೀ? ಮನಶ್ಯಾ ಚಂದ್ರನ ಮ್ಯಾಲ ಕಾಲಿಟ್ಟ ಅಂತ ಮುಂಜಾನಿ ಊರ ಗಂಡಸರೆಲ್ಲಾ ಚಾವಡ್ಯಾಗ ರೇಡಿಯೋ ಮುಂದ ಕುಂತಿದ್ರು. ನಿಮ್ಮಪ್ಪನೂ ಅಲ್ಲೇ. ಸೂಲಗಿತ್ತಿನ್ನ ಕರಿಯಾಕ ಒಬ್ಬ ಗಂಡಸಿಲ್ಲ. ಅವ ಚಂದ್ರನ ಮ್ಯಾಲ ಇಳದ, ನೀ ಇಲ್ಲಿ ದನದ ಕೊಟಗ್ಯಾಗ ಇಳದಿ. ನಿಮ್ಮಪ್ಪ ಮನಿಗಿ ಬಂದು ಮದಲ ಚಂದ್ರನ ಸುದ್ದಿ ಹೇಳಿದ."

ಪವಿತ್ರಾ ಬೆರಳು ಆಡಿಸಿದಳು. "ಅರವತ್ತೊಂಬತ್ತು, ಜುಲೈ ಇಪ್ಪತ್ತೊಂದು. ನಿಮಗೂ ಮೈನಸ್ ಬಂತು ಕಾಕಾ. ಒಂದು ಕೋಟಿ ನಲವತ್ತೊಂದು ಲಕ್ಷ ಚಿಲ್ಲರ."

ತಾಯಿಯ ಮೈನಸ್ ದೊಡ್ಡದು, ಮಗನದು ಸಣ್ಣದು. ಲೋಕ ಮತ್ತೆ ಕ್ರಮಕ್ಕೆ ಬಂತು.

ಉಳಿದವರದೂ ಸರಸರನೆ ತಿದ್ದಿಯಾಯಿತು. ರಂಗಣ್ಣ ಜೂನ್ ಒಂದೇ ಬೇಕೆಂದು ಹಟ ಹಿಡಿದು ಬರೆಸಿಕೊಂಡ. ಮಲ್ಲೇಶ್ವರಿ ಮಾತ್ರ ಮೇಜಿನ ಮೇಲೆ ಬಗ್ಗಿ, "ಅಕ್ಕಾ, ನನ್ನ ಬಿ.ಎಡ್. ಮುಗಿಯೂತನಾ ಐವತ್ತೈದ ಇರ್ಲಿ. ನೋಡಾಕ ಬರವರು ತಾವ ಎದ್ದು ಹೋಗ್ತಾರ," ಎಂದಳು. ಅವಳ ಅಪ್ಪ ಹಿಂದೆಯೇ ನಿಂತಿದ್ದರಿಂದ ಅದು ನಡೆಯಲಿಲ್ಲ.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಸೂಗಮ್ಮನ ಹೆಸರು ಪಟ್ಟಿಗೆ ಸೇರಿತು.

ಮೊದಲು ಬಲಗಣ್ಣು ಮಾಡಿದರು. ಮರುದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಆಕೆ ಮೊದಲು ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಡಾಕ್ಟರು ಅವಸರ ಮಾಡಲಿಲ್ಲ. ಆಮೇಲೆ ಮೂರು ಬೆರಳು ಎತ್ತಿ, "ಎಷ್ಟವ ಹೇಳಮ್ಮಾ," ಎಂದರು.

ಸೂಗಮ್ಮ ಬೆರಳು ನೋಡಲಿಲ್ಲ. ಅವರ ಹಿಂದೆ ನಿಂತವನನ್ನು ನೋಡುತ್ತಿದ್ದಳು. "ಆ ಯಜಮಾನ್ರು ಯಾರ್ರಿ?"

"ನಿಮ್ಮ ಮಗ ಅಲ್ಲೇನ್ರಿ?"

"ನಾನವ್ವಾ, ಸಂಗಣ್ಣ."

ಆಕೆ ಅವನನ್ನು ಹತ್ತಿರ ಕರೆದು ಬಿಳಿ ಮೀಸೆ, ಬೋಳು ಹಣೆ, ಕೆನ್ನೆಯ ಗೆರೆ ಎಲ್ಲ ಬೆರಳಿನಿಂದ ಮುಟ್ಟಿ, ಮತ್ತೆ ಕಣ್ಣಿನಿಂದ ನೋಡಿ ತಾಳೆ ಹಾಕಿದಳು. "ಆರು ವರ್ಷದಾಗ ಇಷ್ಟು ಮುದುಕ ಆಗೀಯಲ್ಲೋ ಯಪ್ಪಾ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದಳು.

"ಡಾಕ್ಟರಪ್ಪಾ, ಬಂದದ್ದು ಬಂದೀವಿ, ಜರಾ ಇವನ ಕಣ್ಣೂ ನೋಡ್ರಿ. ಎದುರಿಗಿ ಕುಂತದ್ದು ಇವಗ ಸಣ್ಣಾಂವ ಇದ್ದಾಗಿಂದ್ಲೂ ಕಾಣಂಗಿಲ್ಲ."

ಸಂಗಣ್ಣ ಹೊರಗೆ ಹೋಗಿ ತಪಾಸಣೆಯ ಸಾಲಿನ ಕೊನೆಯಲ್ಲಿ ನಿಂತುಕೊಂಡ.